ನೋಡದೆಯೇ ನೋಡುವ ಡಿಪೋ ವೈದ್ಯರಿಗೆ, ನನ್ನ ಬಲಗಾಲಿನ ಪರವಾಗಿ

ಮಾನ್ಯರೇ,

ಕುರ್ಚಿ ಬಿಟ್ಟೇಳದೆ ರೋಗ ಕಂಡುಹಿಡಿಯುವ, ನಮ್ಮ ಬಸ್ ಡಿಪೋದ ಆರೋಗ್ಯ ಕೊಠಡಿಯ ಏಕೈಕ ಅಲಂಕಾರವಾದ ತಮಗೆ, ವಿಶೇಷವಾಗಿ ಸುಸ್ಥಿತಿಯಲ್ಲಿರುವ ತಮ್ಮ ಎರಡೂ ಪಾದಗಳಿಗೆ, ಕುಂಟುವ ಚಾಲಕನೊಬ್ಬನ ನಮಸ್ಕಾರಗಳು.

ಕಳೆದ ವರ್ಷ ಬಸ್ಸಿಳಿಯುವಾಗ ನನ್ನ ಬಲಪಾದ ಒಳಕ್ಕೆ ಮಡಚಿಕೊಂಡು ಬೂಟಿನೊಳಗೇ ಊದಿಕೊಂಡಾಗ ತಮ್ಮಲ್ಲಿಗೆ ಬಂದೆ. ಬೂಟು ಕಳಚಲು ಬಗ್ಗಿದವನನ್ನು ತಾವು ಕೈಯೆತ್ತಿ ತಡೆದು, "ಬರೀ ಉಳುಕು ಕಣಪ್ಪ, ಡ್ಯೂಟಿ ಮಾಡು, ನೋಡೋಣ" ಎಂದಿರಿ. ನೋವು ಹೆಚ್ಚಾಗಿ ಮತ್ತೆ ಬಂದೆ; "ನೋಡೋಣ" ಎಂದಿರಿ. ಚಳಿಗಾಲದಲ್ಲಿ ಬಂದಾಗಲೂ ಫೋನು ನೋಡುತ್ತಲೇ "ನೋಡೋಣ" ಎಂದಿರಿ. ಈ ಪದಕ್ಕೆ ನೋಡುವುದೆಂಬ ಅರ್ಥವೂ ಇದೆಯೆಂದು ನಂಬಿದ್ದು ನನ್ನದೇ ದಡ್ಡತನ. ಕಣ್ಣಿಗೆ ಇಷ್ಟೊಂದು ವಿಶ್ರಾಂತಿ ಕೊಟ್ಟು ವೈದ್ಯವೃತ್ತಿ ನಡೆಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಗೆಯೇ ಓಡಿಸುತ್ತಿದ್ದಾಗ ಒಂದು ಬೆಳಿಗ್ಗೆ ಶಾಲೆಯ ಮುಂದೆ ಬ್ರೇಕು ತುಳಿದೆ. ಕೀಲಿನೊಳಗೆ ಏನೋ ಕಚ್ಚಿಕೊಂಡು ಪಾದ ಅರ್ಧಕ್ಕೇ ನಿಂತಿತು. ಎಡಗಾಲನ್ನೂ ತಂದು ತುಳಿದ ಮೇಲೆ ಬಸ್ಸು ನಿಂತದ್ದು ರಸ್ತೆ ದಾಟುತ್ತಿದ್ದ ಒಂದು ಮಗುವಿನಿಂದ ಗೇಣು ದೂರದಲ್ಲಿ. "ಅಣ್ಣಾ, ಏನಾಯ್ತಣ್ಣಾ?" ಎಂದು ಕಂಡಕ್ಟರ್ ಕಿರುಚಿದ. ಅಂದೇ ಬಸ್ಸನ್ನು ಡಿಪೋಗೆ ಒಪ್ಪಿಸಿ ದೊಡ್ಡಾಸ್ಪತ್ರೆಗೆ ಹೋದೆ.

ಅಲ್ಲಿನ ಶಸ್ತ್ರವೈದ್ಯೆ, ಪಾಪ, ತಮ್ಮಷ್ಟು ಪ್ರತಿಭಾವಂತರಲ್ಲ. ಬೂಟು ಬಿಚ್ಚಿಸಿ, ಪಾದವನ್ನು ಹಿಡಿದು ತಿರುಗಿಸಿ, ಸ್ಕ್ಯಾನ್ ಬೇರೆ ಮಾಡಿಸಿದರು. ಮೂಳೆಯ ಮೇಲಿನ ನುಣುಪು ಹೊದಿಕೆಯಾದ ಮೃದ್ವಸ್ಥಿ ಕಿತ್ತುಬಂದು, ಅದರ ಜೊತೆ ಮೂಳೆಯ ಚೂರೂ ಬಿಡಿಯಾಗಿ ಕೀಲಿನಲ್ಲಿ ಅಲೆಯುತ್ತಿತ್ತಂತೆ. ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿ ಚೂರನ್ನು ತೆಗೆದರು, ಹಾಳಾದ ಜಾಗವನ್ನು ಕೆರೆದರು, ಮೂಳೆಗೆ ಸೂಜಿಗಾತ್ರದ ರಂಧ್ರಗಳನ್ನು ಕೊರೆದರು. ಅಲ್ಲಿಂದ ಒಸರಿದ ರಕ್ತ ಹೆಪ್ಪುಗಟ್ಟಿ ಹೊಸ ಹೊದಿಕೆ ಬೆಳೆಯಬೇಕು; ಬೆಳೆದರೂ ಹುಟ್ಟಿನಿಂದ ಬಂದದ್ದರಷ್ಟು ಗಟ್ಟಿಯಿರದು. "ಮೊದಲೇ ಬಂದಿದ್ರೆ ಬರೀ ಕಟ್ಟು ಹಾಕಿ, ಕಾಲಿಗೆ ಭಾರ ಬೀಳದ ಹಾಗೆ ನೋಡ್ಕೊಂಡಿದ್ರೂ ಸಾಕಾಗ್ತಿತ್ತೇನೋ" ಎಂದರು. ಮತ್ತೆ ಬಸ್ಸು ಓಡಿಸುತ್ತೇನೆಯೇ ಎಂದು ಕೇಳಿದ್ದಕ್ಕೆ, "ಈಗಲೇ ಮಾತು ಕೊಡಕ್ಕಾಗಲ್ಲ" ಎಂದರು. ಬೇರೆ ಕೆಲಸ ಬಾರದ, ಬಂದರೂ ಬೇಡವೆನ್ನುವ ನಾನು ಮಂಚದ ಮೇಲೆಯೇ ಅತ್ತುಬಿಟ್ಟೆ.

ಈಗ ನನ್ನ ಭಾಗ್ಯ ಕೇಳಿ: ನನ್ನ ಕೈಗೆ ಮತ್ತೆ ಸ್ಟೀರಿಂಗ್ ಕೊಡಬಹುದೇ ಎಂದು ತೀರ್ಮಾನಿಸುವ ಹೊಣೆಯನ್ನು ಡಿಪೋದವರು ತಮಗೇ ವಹಿಸಿದ್ದಾರೆ. ತಮ್ಮ ಘನತೆಗೆ ಕುಂದಾಗದಿದ್ದರೆ ಈ ಬಾರಿಯಾದರೂ ದಯಮಾಡಿ ಒಮ್ಮೆ ಬಗ್ಗಬೇಕು. ಸೊಂಟಕ್ಕೆ ಶ್ರಮವಾಗುವುದಾದರೆ, ಕಾಲನ್ನು ಕಳಚಿ ಟಪಾಲಿನಲ್ಲಿ ಕಳಿಸಲು ಅಪ್ಪಣೆಯಾಗಲಿ; ಫೋನಿನ ಪಕ್ಕದಲ್ಲೇ ಇಟ್ಟುಕೊಂಡು ಬಿಡುವಾದಾಗ ಪರೀಕ್ಷಿಸಿ, ವಾಪಸು ಕಳಿಸಿಕೊಟ್ಟರಾಯಿತು.

ಬಲಗಾಲೊಂದನ್ನು ಬಿಟ್ಟು ಉಳಿದೆಲ್ಲ ರೀತಿಯಲ್ಲೂ
ತಮ್ಮ ವಿಶ್ವಾಸಿ,
ಸದ್ಯಕ್ಕೆ ಬಸ್ಸಿಲ್ಲದ ಚಾಲಕ

ಮರೆತ ಮಾತು: ನೋಡದೆಯೇ 'ಫಿಟ್' ಎಂದು ಸಹಿ ಹಾಕುವ ಮನಸ್ಸಿದ್ದರೆ ಧಾರಾಳವಾಗಿ ಹಾಕಿ, ನನಗೂ ಬಸ್ಸು ಬೇಕು. ಆದರೆ ಮೊದಲ ದಿನ ಆ ಶಾಲೆಯ ಮುಂದೆ, ನನ್ನ ಬಸ್ಸಿಗೆ ಎದುರಾಗಿ, ತಮ್ಮ ಮಗುವಿನ ಕೈ ಹಿಡಿದುಕೊಂಡು ತಾವೇ ರಸ್ತೆ ದಾಟಬೇಕು.