ಸರ್ವರಿಗೆ ಜ್ವರ ನೋಡುವ ಕಾಕಾ

ಇಂಟರ್‌ನೆಟ್ಟಿನ ಮೈ ಮುಟ್ಟಿ ಜ್ವರ ನೋಡಬೇಕೆಂದು ಹಟ ಹಿಡಿದವರು ಇಡೀ ರಾಯಚೂರಿನಲ್ಲಿ ಒಬ್ಬರೇ. ಅವರು ನಮ್ಮ ಮನೆಯಲ್ಲೇ ಇದ್ದಾರೆ! ನನ್ನ ಕಾಕಾ.

ಮಾನ್ವಿಯ ಅಕ್ಕಿ ಗಿರಣಿಯಲ್ಲಿ ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಯಂತ್ರದ ಮೇಲೆ ಅಂಗೈ ಇಟ್ಟರೆ ಸಾಕು, ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದರು. ದೇವದುರ್ಗದಿಂದಲೂ ಕರೆ ಬರುತ್ತಿತ್ತು. ಅಂಗೈಗೆ ವಿದ್ಯೆ ಕೊಟ್ಟ ಗಿರಣಿ ಕಿವಿ ಎರಡನ್ನೂ ಇಸಿದುಕೊಂಡಿತು. ಕಿವಿಯ ಮಷೀನು ಹಾಕಿದರೆ ಅದರೊಳಗೂ ಗಿರಣಿಯೇ ತಿರುಗುತ್ತದಂತೆ!

ಪಕ್ಕದಲ್ಲಿ ನಿಂತು ಒದರಿದರೆ ಹೇಗೋ ನಡೆಯುತ್ತದೆ. ಫೋನಿನಲ್ಲಿ ಒಂದಕ್ಷರ ಕೇಳಿಸದು. ಮಾನ್ವಿ ಹತ್ತಿರದ ಚೀಕಲಪರ್ವಿಯಲ್ಲಿ ಮಗ-ಸೊಸೆಯ ಜೊತೆ ಇರುವ ಅವರ ಅಕ್ಕ, ಅಂದರೆ ನನ್ನ ಅತ್ತೆಗೋ ಓದು ಬರಹ ಬಾರದು. ದಿನಾ ಫೋನಿನಲ್ಲಿ ಜಗಳವಾಡುತ್ತಿದ್ದ ಅಕ್ಕ-ತಮ್ಮ ಎರಡು ವರ್ಷದಿಂದ ಮೂಕರಾಗಿದ್ದರು, ಹಬ್ಬಕ್ಕೊಮ್ಮೆ ಭೇಟಿ ಬಿಟ್ಟರೆ.

ಅದಕ್ಕೇ ಕಾಕಾ ವೆಬ್‌ಸೈಟು ಕಟ್ಟಲು ಕೂತರು. ಮೂರೇ ಚಿತ್ರ. ತಾಟು ಒತ್ತಿದರೆ ‘ಉಂಡೆ’, ಮಂಚ ಒತ್ತಿದರೆ ‘ಮೈಗೆ ಆರಾಮಿಲ್ಲ’, ಬಸ್ಸು ಒತ್ತಿದರೆ ‘ಬಂದು ಹೋಗು’. ಸೊಸೆಯ ಮೊಬೈಲಿನಲ್ಲಿ ಅಕ್ಕ ಒತ್ತಿದ್ದು ಇಲ್ಲಿ ಕಾಕಾನ ಪರದೆಯ ಮೇಲೆ ಮೂಡಬೇಕು.

“ವಾಟ್ಸಾಪ್ ಇಲ್ಲೇನ್ ಕಾಕಾ?” ಎಂದು ಒದರಿದೆ.

“ಅದರಾಗ ಗುಡ್ ಮಾರ್ನಿಂಗ್ ಹೂವಿನ ಸಂತಿ ನೆರದಿರತದ. ಆ ಸಂತ್ಯಾಗ ನಮ್ಮಕ್ಕನ್ನ ಎಲ್ಲಿ ಹುಡುಕಲಿ ಬೇ?”

ವಿಡಿಯೋ ನೋಡಿ, ನೋಟ್‌ಬುಕ್ಕಿಗೆ ಇಳಿಸಿಕೊಂಡು ಸೈಟು ನಡೆಸುವ ಸ್ಕ್ರಿಪ್ಟು ಬರೆದರು. ಸೈಟುಗಳನ್ನಿಡುವ ಕಂಪನಿಯೊಂದರ ದೊಡ್ಡ ಕಂಪ್ಯೂಟರಿನಲ್ಲಿ, ಅಂದರೆ ಸರ್ವರಿನಲ್ಲಿ, ಬಾಡಿಗೆಗೆ ಜಾಗ ಹಿಡಿದು ಏರಿಸಿದರು. ತಾಟು ಒತ್ತಿದೆವು. ಪರದೆ ಹೇಳಿತು: ‘500, ಸರ್ವರ್ ದೋಷ’.

ಕಂಪನಿಯ ಸಹಾಯಕನಿಗೆ ಕಾಕಾ ಚಾಟಿನಲ್ಲಿ ಬರೆದರು: “ಸರ್ವರ್ ಮ್ಯಾಲ ಸ್ವಲ್ಪ ಕೈ ಇಟ್ಟು ನೋಡ್ರಿ. ಬಿಸಿ ಅದ ಏನು? ನಡಗಾಕತ್ತದ ಏನು?”

“ಸರ್, ಅದು ಇರೋದು ಬೇರೆ ಊರಲ್ಲಿ. ನಾನೂ ನೋಡಿಲ್ಲ.”

“ಮಷೀನಿನ ಮಾರಿ ನೋಡದ ಮೆಕ್ಯಾನಿಕ್ಕು!” ಎಂದು ಕಾಕಾ ಅವತ್ತು ಒಂದು ರೊಟ್ಟಿ ಕಡಿಮೆ ಉಂಡರು.

ಅದೇ ಸರ್ವರಿನಲ್ಲಿ ಇನ್ನೂ ನೂರಾರು ಸೈಟುಗಳಿವೆ ಎಂದು ತಿಳಿದ ಮೇಲಂತೂ ಕೇಳಬೇಡಿ. “ಅಂದ್ರ ವಠಾರ! ಯಾವನೋ ದೊಡ್ಡ ಮೋಟರ್ ಹಚ್ಯಾನ, ನಮಗ ಕರೆಂಟ್ ಸಾಲವಲ್ದು” ಎಂದು ನೆರೆಯವರ ಹೆಸರು ಕೇಳಿದರು, ಕೂತು ಮಾತಾಡಿ ಬಗೆಹರಿಸಲು! ಸಹಾಯಕ ಕೈಮುಗಿಯುವ ಚಿತ್ರ ಕಳಿಸಿದ.

ನನ್ನ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿದೆ: ‘ಹೊಸ ಸಿಲಿಂಡರ್ ಹಚ್ಚಿದೆ. ಕಾಕಾನ ಸ್ಕ್ರಿಪ್ಟು ಇನ್ನೂ ಹತ್ತಿಲ್ಲ.’

ಹತ್ತೊಂಬತ್ತನೇ ದಿನ ದೋಷ ಸಿಕ್ಕಿತು. ಸ್ಕ್ರಿಪ್ಟಿನ ಫೈಲನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನಡೆಸಬಹುದು ಎಂದು ಕಾಕಾ ಧಾರಾಳವಾಗಿ ಅನುಮತಿ ಕೊಟ್ಟಿದ್ದರು. ಹಾಗೆ ಬಾಗಿಲು ತೆರೆದಿಟ್ಟ ಫೈಲನ್ನು ಆ ಸರ್ವರು ನಂಬುವುದೇ ಇಲ್ಲವಂತೆ!

“ಇಷ್ಟು ವರ್ಷ ಗಿರಣಿಗೇ ಕೀಲಿ ಹಾಕಿದವನಲ್ಲ ನಾ, ಇದಕ್ಕ ಹಾಕಬೇಕಂತ!” ಎಂದು ಗೊಣಗುತ್ತಲೇ ತಿದ್ದುವ ಹಕ್ಕನ್ನು ತಮಗೊಬ್ಬರಿಗೇ ಉಳಿಸಿಕೊಂಡರು.

ಮರುದಿನ ಮುಂಜಾನೆ ಪರದೆಯ ಮೇಲೆ ಒಂದು ಬಸ್ಸು ಮೂಡಿತು. ನಾನು ಚಪ್ಪಾಳೆ ತಟ್ಟುವಷ್ಟರಲ್ಲಿ ಇನ್ನೊಂದು. ಮತ್ತೊಂದು. ಒಟ್ಟು ಹನ್ನೊಂದು ಬಸ್ಸು!

“ಒಂದ ಸಂದೇಶ ಹನ್ನೊಂದು ಸಲ ಬಂದದ. ಸ್ಕ್ರಿಪ್ಟ್ ಮತ್ತ ಕೆಟ್ಟದ” ಎಂದು ಕಾಕಾ ರಿಪೇರಿಗೆ ಕೂತರು. ನಾನು ಅತ್ತೆಗೆ ಫೋನು ಹಚ್ಚಿದೆ. “ಅತ್ತೀ, ಬಸ್ ಎಷ್ಟು ಸಲ ಒತ್ತಿದಿ?”

“ಯಾರು ಎಣಿಸ್ಯಾರ ಬೇ? ಆ ಕಿವುಡಗ ಒಂದು ಸಲ ಕರದ್ರ ಕೇಳಸ್ತದೇನು?”

ಆ ಮಾತನ್ನು ಹಾಗೇ ಕಾಕಾನ ಕಿವಿಗೆ ಒದರಿದೆ. ಅವರು ರಿಪೇರಿ ಅಲ್ಲಿಗೇ ಬಿಟ್ಟರು. ಎದ್ದು ಅಂಗಿ ತೊಟ್ಟರು.

“ಮಾನ್ವಿ ಬಸ್ ಎಷ್ಟು ಗಂಟಿಗದ?”

ಎರಡೂ ಕೈಯ ಬೆರಳೆತ್ತಿ ಹತ್ತು ಗಂಟೆ ಎಂದು ತೋರಿಸಿದೆ.