ಸೌಟು ಅಡ್ಡವಿದ್ದರೆ ಮುಟ್ಟಬಾರದು

ನನ್ನ ನೆನಪಿನ ಮೇಲೆ ನನಗೆ ಅಂಥ ಗೌರವವೇನೂ ಇಲ್ಲ. ಪುರಾವೆಯಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತೆ. ದೇವರು, ಜಾತಕ ಎಲ್ಲವನ್ನೂ ಅನುಮಾನಿಸಿ ಮುಗಿಸಿ ಈಗ ನನ್ನ ತಲೆಗೇ ಬಂದು ನಿಂತಿದ್ದೇನೆ. ಮನೆಗೆ ಬೀಗ ಹಾಕಿ ಮುಳಬಾಗಿಲು ಬಸ್ ಸ್ಟ್ಯಾಂಡಿನವರೆಗೆ ಹೋದವನು, ಬೀಗ ಎಳೆದು ನೋಡಲು ವಾಪಸು ಬರುತ್ತೇನೆ. ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಹಾಕುತ್ತೇನೆ. ಅದಕ್ಕೇ ನಮ್ಮ ಮನೆಯಲ್ಲೊಂದು ಪದ್ಧತಿ: ಉಪ್ಪು ಹಾಕಿದವರು ಪಾತ್ರೆಯ ಬಾಯಿಗೆ ಸೌಟನ್ನು ಅಡ್ಡ ಇಡಬೇಕು. ಸೌಟು ಕಂಡರೆ ನಾನು ಉಪ್ಪಿನ ಡಬ್ಬಿ ಮುಟ್ಟುವಂತಿಲ್ಲ.

ಇಂಥವನ ಕೈಗೆ ಹೆಂಡತಿ ಶೈಲಜಾ ಮೊನ್ನೆ ಕಂಪ್ಯೂಟರ್ ಕೊಟ್ಟಳು. ಐವತ್ತು ದಾಟಿದ ಮೇಲೆ ಧೈರ್ಯ ಮಾಡಿ ಸಂಗೀತದ ಪರೀಕ್ಷೆಗೆ ಕಟ್ಟಿದ್ದಳು. ಊಟಕ್ಕೆ ಮೊದಲು ಪರೀಕ್ಷಕರ ಮುಂದೆ ವಿಡಿಯೋ ಕಾಲ್‌ನಲ್ಲಿ ಹಾಡಬೇಕು. ಮೈಕು ನೋಡಿದರೆ ಮೂಕವಾಗಿತ್ತು. ಕಂಪ್ಯೂಟರಿಗೂ ಮೈಕಿಗೂ ನಂಟು ಕೂಡಿಸುವ ಡ್ರೈವರ್ ನಿಂತುಹೋಗಿರಬೇಕೆಂದು, ಡ್ರೈವರ್‌ಗಳನ್ನೆಲ್ಲ ನೋಡಿಕೊಳ್ಳುವ ಪ್ರೋಗ್ರಾಂ ತೆರೆದೆ. ಅಲ್ಲಿ ಒಂದೇ ಗುಂಡಿ. ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್. ಗುಂಡಿಯ ಮೇಲೆ ‘ಆಫ್’ ಎಂದಿತ್ತು. ಈಗ ಆಫ್ ಆಗಿದೆಯೆಂದೋ, ಒತ್ತಿದರೆ ಆಫ್ ಆಗುತ್ತದೆಂದೋ? ಒತ್ತಿದೆ. ಏನೂ ಬದಲಾಗಲಿಲ್ಲ. ನಿಜವಾಗಿ ಒತ್ತಿದೆನೋ, ಒತ್ತಬೇಕೆಂದುಕೊಂಡೆನೋ? ಮತ್ತೆ ಒತ್ತಿದೆ. ಕಂಪ್ಯೂಟರ್ ನಿಧಾನವಾಗಿ ಎಚ್ಚೆತ್ತು ಎರಡನ್ನೂ ನಡೆಸಿಕೊಟ್ಟಿತು: ಹಸಿರು ದೀಪ ಬಂತು, ಹೋಯಿತು.

“ಆಯ್ತೇನ್ರೀ?”

“ಆಗಿತ್ತು.”

“ಆಗಿತ್ತು ಅಂದ್ರೆ? ಈಗ?”

“ಅದನ್ನೇ ನೋಡ್ತಿದೀನಿ,” ಎಂದು ಇನ್ನೆರಡು ಸಲ ಒತ್ತಿದೆ.

ಕೋಪ ಬಂದರೆ ಅವಳ ಬಾಯಲ್ಲಿ ತವರು ರಾಯಲ್ಪಾಡಿನ ತೆಲುಗು ಬರುತ್ತದೆ. “ಏಮಂಡೀ, ಮಳ್ಳೀ ನೊಕ್ಕಾರಾ? ಮತ್ತೆ ಒತ್ತಿದ್ರಾ? ಅಷ್ಟು ಓದಿದೀರಲ್ಲ, ಒಂದು ಗಳಿಗೆ ಕೈಕಟ್ಟಿ ಕೂರೋದು ಕಲಿಸ್ಲಿಲ್ವಾ ಅಲ್ಲಿ?” ಎಂದವಳೇ ಅಡುಗೆಮನೆಯಿಂದ ಸೌಟು ತಂದಳು. ತಾನೇ ಒಮ್ಮೆ ಒತ್ತಿ, ನನ್ನ ಕೈ ಹಿಡಿದುಕೊಂಡು ಕಾದಳು. ಹಸಿರು ಬಂತು. ಸೌಟನ್ನು ಮೌಸಿನ ಮೇಲೆ ಅಡ್ಡ ಇಟ್ಟಳು.

“ಇನ್ನು ಮುಟ್ಟಿ, ನೋಡೋಣ!”

ಆಲಾಪನೆ ಶುರುವಾಯಿತು. ನಡುವೆ ಪರೀಕ್ಷಕರು ಕೈ ಎತ್ತಿದರು.

“ಅಮ್ಮಾ, ನಿಮ್ಮ ಧ್ವನಿ ಚೆನ್ನಾಗಿ ಬರ್ತಿದೆ. ಹಿಂದೆ ಯಾರೋ ‘ಆನ್ ಇದೆಯಾ, ಆನ್ ಇದೆಯಾ’ ಅಂತಿದಾರೆ. ಇದೆ ಅಂತ ಹೇಳ್ಬಿಡಿ.”

ನಾನಾಗಿಯೇ ಎದ್ದು ಅಡುಗೆಮನೆಗೆ ಹೋದೆ. ಅಲ್ಲಿಂದ ಕೇಳಿದರೆ ಶೈಲಜಾ ಎಲ್ಲೂ ಎಡವದೆ ಹಾಡುತ್ತಿದ್ದಳು. ನಾನೂ ಒಂದು ಉಪಕಾರ ಮಾಡೋಣವೆಂದು ಸಾರಿನ ಪಾತ್ರೆ ನೋಡಿದೆ. ಸೌಟು ಇರಲಿಲ್ಲ. ಉಪ್ಪು ಹಾಕಿದೆ.

ಊಟಕ್ಕೆ ಕುಳಿತು ಮೊದಲ ತುತ್ತಿಗೇ ಅವಳು ನನ್ನನ್ನು ನೋಡಿದಳು.

“ಪಾತ್ರೆ ಮೇಲೆ ಸೌಟು ಇರ್ಲಿಲ್ಲ ಕಣೇ!”

“ಎಲ್ಲಿತ್ತು, ಜ್ಞಾಪಿಸ್ಕೊಳ್ಳಿ.”

ಎದ್ದುಹೋಗಿ ನೋಡಿ ಬಂದೆ. ಮೌಸಿನ ಮೇಲೇ ಇತ್ತು. ಮೈಕೂ ಆನ್ ಇತ್ತು. ಇರಬೇಕು.