ಸೊಸೆಯನ್ನು ಬೈಯಲಿಕ್ಕೆ ಕಲಿತ ಭಾಷೆ

ಒಳ್ಳೆಯ ಕೆಲಸ ಮಾಡಿದವರ ಹತ್ತಿರ ಒಳ್ಳೆಯ ಕಾರಣವೂ ಇರುತ್ತದೆ ಅಂತ ಜನ ಯಾಕೆ ನಂಬುತ್ತಾರೋ ನನಗೆ ತಿಳಿಯದು. ನಮ್ಮ ಓಣಿಯಲ್ಲಿ ಒಬ್ಬರು ದಿನಾ ಬೆಳಿಗ್ಗೆ ಕೋಟೆಯ ತನಕ ನಡೆದು ಹೋಗಿ ಬರುತ್ತಾರೆ. ಎಲ್ಲರೂ ಅವರ ಶಿಸ್ತನ್ನು ಹೊಗಳುತ್ತಾರೆ. ಮನೆಯಲ್ಲಿ ನೀರು ತುಂಬುವ ಹೊತ್ತೂ ಅದೇ ಅನ್ನೋದು ಅವರ ಹೆಂಡತಿಗೆ ಮತ್ತು ನನಗೆ ಮಾತ್ರ ಗೊತ್ತು. ನನ್ನದೂ ಅಂಥದೇ ಕಥೆ. ಈ ವಯಸ್ಸಿನಲ್ಲಿ, ಮೊಣಕಾಲು ನೋವು ಇಟ್ಟುಕೊಂಡು, ರವಿವಾರಕ್ಕೊಮ್ಮೆ ಮಾಳಿಗೆ ಹತ್ತಿ ನಾನು ಕಿವುಡರ ಸನ್ನೆ ಭಾಷೆ ಕಲಿತೆ ಅಂದರೆ ಕೇಳಿದವರ ಕಣ್ಣು ತುಂಬಿ ಬರುತ್ತದೆ. ಸೊಸಿ ಸಲುವಾಗಿ ಕಲಿತ್ರಂತಲ್ರೀ, ಎಂಥಾ ದೊಡ್ಡ ಮನಸ್ಸು ಅನ್ನುತ್ತಾರೆ. ನಾನು ಸೆರಗು ಸರಿಮಾಡಿಕೊಳ್ಳುತ್ತೇನೆ. ಸೊಸೆಯ ಸಲುವಾಗಿ ಕಲಿತದ್ದು ಸುಳ್ಳಲ್ಲ. ಅವಳನ್ನು ಬೈಯಲಿಕ್ಕೆ ಕಲಿತೆ ಅನ್ನುವ ಮಾತು ಮಾತ್ರ ಬಾಯೊಳಗೇ ಉಳಿಯುತ್ತದೆ.

ನನ್ನ ಬಾಯಿಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಬೇರೆಯವರಿಂದ ನಿಮಗೆ ಗೊತ್ತಾಗುವುದು ಬೇಡ. ನಾನು ಔರಾದ ತಾಲೂಕಿನ ಚಿಂತಾಕಿಯವಳು. ನಮ್ಮಪ್ಪನ ಹತ್ತಿರ ಕುರಿ ಇದ್ದವು. ಈ ದಿಬ್ಬದ ಮೇಲೆ ನಿಂತು ಆ ದಿಬ್ಬದ ಕುರಿಯನ್ನು ಕರೆದು ಬೆಳೆದ ಗಂಟಲು ಇದು. ಮದುವೆಯಾಗಿ ಬೀದರಿಗೆ ಬಂದ ಹೊಸದರಲ್ಲಿ, ಮನೆಯೊಳಗೆ ಜಗಳ ಹತ್ತಿದೆ ಅಂತ ಓಣಿಯವರು ಓಡಿ ಬಂದಿದ್ದರು. ನಾನು ಗಂಡನಿಗೆ ಚಹಾ ಆಗಿದೆ ಅಂತ ಹೇಳಿದ್ದೆ, ಅಷ್ಟೆ. ನಮ್ಮ ಮನೆಯವರು ಕಿರಾಣಿ ಅಂಗಡಿಯವರು, ಮಾತು ಕಮ್ಮಿ. ನಮ್ಮತ್ತೆ ಮಾತ್ರ ಮಾತಿನಲ್ಲಿ ಪಳಗಿದ ಕೈ. ಆಕೆ ಒಂದು ದಿನವೂ ನನ್ನ ಮುಖ ನೋಡಿ ಬೈದವಳಲ್ಲ. ಬೈಗುಳವೆಲ್ಲ ಬೆಕ್ಕಿಗೆ, ಕಸಬರಿಗೆಗೆ, ಏನೂ ಸಿಗದಿದ್ದರೆ ಗೋಡೆಗೆ. ಕೆಲವರಿಗೆ ಹೊತ್ತು ಏರಿದ್ದೂ ಗೊತ್ತಾಗಂಗಿಲ್ಲ ಅಂತ ಬೆಕ್ಕಿಗೆ ಹೇಳುವಳು. ಬೆಕ್ಕು ಮಲಗಿಯೇ ಇರುತ್ತಿತ್ತು, ಎದ್ದು ಓಡುತ್ತಿದ್ದವಳು ನಾನು. ವರ್ಷಗಟ್ಟಲೆ ಕಿವಿಗೊಟ್ಟು ಕೇಳಿ ಆ ವಿದ್ಯೆಯನ್ನು ಪೂರ್ತಿ ಕಲಿತೆ, ನನ್ನ ಪಾಳಿ ಬರಲಿ ಅಂತ ಕಾದೆ.

ಪಾಳಿ ಬಂತು. ಬಂದ ಸೊಸೆಗೆ ಕಿವಿ ಕೇಳುತ್ತಿರಲಿಲ್ಲ. ನನ್ನ ಮಗ ಶಿವು ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಭಾಲ್ಕಿಯ ಒಂದು ಪ್ರೆಸ್ಸಿಗೆ ಮಷೀನು ನೋಡಲು ಹೋದವನು, ಅಲ್ಲಿ ಲಗ್ನಪತ್ರಿಕೆ ತಯಾರು ಮಾಡುತ್ತಿದ್ದ ರೇಣುಕಾಳನ್ನು ನೋಡಿದ. ಮಷೀನು ಸರಿಯಾದ ಮೇಲೂ ಅವನು ಮೇಲಿಂದ ಮೇಲೆ ಭಾಲ್ಕಿಗೆ ಹೋಗುತ್ತಿದ್ದಾಗಲೇ ನನಗೆ ಸಂಶಯ ಬರಬೇಕಿತ್ತು. ಅವಳ ಸನ್ನೆ ಮಾತು ಅವನು ಕಲಿತದ್ದೂ ಆಗಲೇ. ಹುಡುಗಿ ಹುಟ್ಟು ಕಿವುಡಿ ಅಂತ ಕೇಳಿ ನಾನು ಹಾಸಿಗೆ ಹಿಡಿದೆ, ಹುಡುಗಿಯನ್ನು ನೋಡಿದ ಮೇಲೆ ಎದ್ದೆ. ಲಕ್ಷಣವಾದ ಹುಡುಗಿ, ಹೇಳಿದ್ದಕ್ಕೆಲ್ಲ ನಗುತ್ತಿದ್ದಳು. ಓಣಿಯ ಹೆಂಗಸರಂತೂ ನನಗೆ ಲಾಟರಿ ಹತ್ತಿತು ಅಂತಲೇ ಮಾತಾಡಿದರು. ಎದುರು ಮಾತಾಡದ ಸೊಸೆ ಇಡೀ ಬೀದರಿನಲ್ಲಿ ನಿನಗೊಬ್ಬಳಿಗೇ ಸಿಕ್ಕಳು ಅಂದರು. ಎದುರು ಮಾತು ಬರಬೇಕಾದರೆ ಮೊದಲು ನನ್ನ ಮಾತು ಆ ಕಡೆ ಮುಟ್ಟಬೇಕಲ್ಲ, ಅದು ನನಗೆ ಆಗ ಹೊಳೆಯಲಿಲ್ಲ.

ಹೊಳೆಯಲು ಬಹಳ ದಿನ ಬೇಕಾಗಲಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾದ ದಿನ ನಾನು ಬೆಕ್ಕನ್ನು ಹುಡುಕಿ ಕರೆದು ತಂದು, ಅತ್ತೆಯವರ ಧಾಟಿಯಲ್ಲೇ ಶುರು ಮಾಡಿದೆ. ರೇಣುಕಾ ಬೆಕ್ಕಿಗೆ ಹಾಲು ಹಾಕಿ ಹೋದಳು. ಗೊಣಗಿದೆ. ಪಾತ್ರೆ ಭಾಂಡೆ ಕುಕ್ಕಿದೆ. ನಿಟ್ಟುಸಿರು ಬಿಟ್ಟೆ. ಒಂದೂ ನಾಟಲಿಲ್ಲ. ಎಲ್ಲ ಹೋಗಿ ಬಿದ್ದದ್ದು ನಮ್ಮ ಮನೆಯವರ ಮೇಲೆ. ಒಂದು ದಿನ ಅವರು ಊಟಕ್ಕೆ ಕೂತಾಗ ಮೆಲ್ಲಗೆ, "ನೀ ಬೈಲತ್ತಿದ್ದು ಆಕಿಗಿ, ಕೇಳ್ಲತ್ತಿದ್ದು ನಾ. ಇದ್ಯಾವ ನ್ಯಾಯ?" ಅಂದರು. ರೇಣುಕಾ ನನ್ನ ಕಡೆ ನೋಡಿ ನಕ್ಕಳು. ಆ ನಗು ನನಗೆ ಸೇರುತ್ತಿರಲಿಲ್ಲ. ಚಹಾ ಕುಡಿದು ಎದ್ದು ಹೋಗಬೇಕೆನ್ನುವ ಬೀಗರು ನಗುತ್ತಾರಲ್ಲ, ಆ ನಗು. ಊಟದ ಹೊತ್ತಿಗೆ ನಾವೆಲ್ಲ ಒಮ್ಮೆಲೇ ಮಾತಾಡಿ ನಕ್ಕರೆ ಅವಳು ಶಿವುನ ಮೊಣಕೈ ಮುಟ್ಟಿ ಏನು ಅಂತ ಕೇಳುವಳು. ಅವನು ರೊಟ್ಟಿ ಮುರಿಯುತ್ತ, ಎಡಗೈಯಿಂದ, ಆಮೇಲೆ ಹೇಳುತ್ತೇನೆ ಅಂತ ಸನ್ನೆ ಮಾಡುವನು. ಅದನ್ನು ನಾನು ದಿನಾ ನೋಡುತ್ತಿದ್ದೆ, ನೋಡಿಯೂ ಸಂಕೋಚದ ಹುಡುಗಿ ಅಂದುಕೊಂಡೆ.

ಇನ್ನು ಒಲೆಯ ವಿಷಯ. ನಮ್ಮ ಅಡಿಗೆಮನೆಯಲ್ಲಿ ಕಬ್ಬಿಣದ ಮೇಜಿನ ಮೇಲೆ ಗ್ಯಾಸ್ ಒಲೆ. ನಮ್ಮತ್ತೆಯ ಕಾಲದಿಂದ ಅದು ಮೂಡಣ ಗೋಡೆಗೆ ಆತುಕೊಂಡೇ ಇತ್ತು, ಅಡಿಗೆ ಮಾಡುವವಳ ಮುಖ ಪೂರ್ವಕ್ಕೆ, ಬೆನ್ನು ಬಾಗಿಲಿಗೆ. ನಾನು ಒಳಗೆ ಬಂದು ಹಿಂದಿನಿಂದ ಹೆಗಲು ಮುಟ್ಟಿದರೆ ಸಾಕು, ರೇಣುಕಾ ಬೆಚ್ಚಿಬೀಳುತ್ತಿದ್ದಳು. ಒಮ್ಮೆ ಹಾಲಿನ ಪಾತ್ರೆಯೇ ನೆಲಕ್ಕೆ ಹೋಯಿತು. ಹೆದರುಪುಕ್ಕಲಿ ಅಂತ ಅದನ್ನೂ ಬೆಕ್ಕಿಗೆ ಹೇಳಿದೆ. ಆಮೇಲೆ ನಾನು ತಮ್ಮನ ಮೊಮ್ಮಗನ ಮೊದಲ ಕೂದಲು ತೆಗೆಸುವ ಜಾವಳಕ್ಕೆ ಅಂತ ಚಿಂತಾಕಿಗೆ ಹೋಗಿ ಬಂದು ನೋಡುತ್ತೇನೆ, ಮೇಜು ತಿರುಗಿ ನಿಂತಿದೆ. ರೇಣುಕಾ ಗೋಡೆಗೆ ಬೆನ್ನು ಮಾಡಿ, ಬಾಗಿಲ ಕಡೆ ಮುಖ ಮಾಡಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನ ಸಾವಕಾರನ ಹಾಗೆ ನಿಂತು ರೊಟ್ಟಿ ಬಡಿಯುತ್ತಿದ್ದಾಳೆ. ನನ್ನ ಮೈಯೆಲ್ಲ ಉರಿದುಹೋಯಿತು. ಮನೆ ನನ್ನದು, ಒಲೆ ನನ್ನದು, ಕೇಳದೆ ತಿರುಗಿಸಲು ಇವಳು ಯಾರು? ಶಿವುನನ್ನು ಕರೆದು ನಡುವೆ ನಿಲ್ಲಿಸಿದೆ. ನಾನು ಉಸಿರು ಹಿಡಿದು ಬಹಳ ಹೊತ್ತು ಹೇಳಿದೆ. ಅವನು ಕೈಯನ್ನು ಒಂದೆರಡು ಸಲ ಆಡಿಸಿ ನಿಲ್ಲಿಸಿದ. ಇಷ್ಟೇ ಏನೋ ಅಂದೆ. ಇಷ್ಟೇ ಅವ್ವ, ನೀ ಹೇಳಿದ್ದೆಲ್ಲಾ ಬಂತು ಅಂದ. ರೇಣುಕಾ ಅದೇ ಬೀಗರ ನಗು ನಕ್ಕಳು. ನನ್ನ ಮಗ ನನ್ನ ಮಾತನ್ನು ಸೋಸಿ, ಹಿಂಡಿ, ಬರೀ ನೀರು ಮಾಡಿ ಕೊಟ್ಟಿದ್ದ. ಆ ರಾತ್ರಿ ಅಲ್ಲ, ಮರುದಿನ ಬೆಳಿಗ್ಗೆ ಅವನು ಅಂಗಡಿಗೆ ಹೊರಟವನು ಬಾಗಿಲಲ್ಲಿ ನಿಂತು, ಭಾಲ್ಕಿಯಲ್ಲೇ ಒಂದು ಬಾಡಿಗೆ ಮನೆ ನೋಡಲೇನು ಅವ್ವ, ನಿನಗೂ ತ್ರಾಸ ಇಲ್ಲ ಅಂದ. ಬೈಯುವುದು ಬೇರೆ, ಕಳಿಸುವುದು ಬೇರೆ. ಮಧ್ಯಸ್ಥರನ್ನು ನಂಬಿದರೆ ಮನೆ ಉಳಿಯಲಿಕ್ಕಿಲ್ಲ ಅಂತ ನಾನೇ ಕಲಿಯಲು ಹೊರಟೆ.

ಹಳೆಯ ಬಸ್ ನಿಲ್ದಾಣದ ಕಡೆ ಒಂದು ಮಾಳಿಗೆಯಲ್ಲಿ ಕ್ಲಾಸು. ಮನೆಯಲ್ಲಿ ಮಾತ್ರ ವಚನ ಹಾಡಲು ಹೋಗ್ತೇನಿ ಅಂತ ಹೇಳಿದ್ದೆ; ಬಸವಣ್ಣ ಕ್ಷಮಿಸಲಿ. ಕಲಿಸುವ ಮಾಸ್ತರ ಕಿವುಡ ತರುಣ, ಅವನ ಮಾತನ್ನು ಮೊದಮೊದಲು ಬಾಯಿಯಲ್ಲಿ ಹೇಳಲು ಪಕ್ಕದಲ್ಲಿ ಅವನ ಅಕ್ಕ. ಕಿವಿ ಕೇಳುವ ನೀವು ಇದನ್ನು ಯಾಕೆ ಕಲಿಯಬೇಕೆಂದು ಬಂದಿರಿ ಅಂತ ಒಬ್ಬೊಬ್ಬರನ್ನೂ ಕೇಳಿದ. ಒಬ್ಬಳು ನರ್ಸು, ರೋಗಿಗಳ ಸಲುವಾಗಿ ಅಂದಳು. ಒಬ್ಬ ಹುಡುಗ ನಾಚಿಕೊಂಡ, ಅವನ ಕಾರಣ ಎಲ್ಲರಿಗೂ ತಿಳಿಯಿತು. ನಾನು ಸೊಸೆಯ ಸಲುವಾಗಿ ಅಂದೆ, ಅಕ್ಕ ಅದನ್ನು ಕೈಯಲ್ಲಿ ಹೇಳಿದಳು. ಕೂಡಲೇ ಮಾಸ್ತರನ ಜೊತೆ ಬಂದಿದ್ದ ಕಿವುಡ ಹುಡುಗ ಹುಡುಗಿಯರೆಲ್ಲ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು. ಅದು ಅವರ ಚಪ್ಪಾಳೆಯಂತೆ. ನನ್ನ ಜನ್ಮದಲ್ಲಿ ಯಾರೂ ನನಗೆ ಚಪ್ಪಾಳೆ ತಟ್ಟಿರಲಿಲ್ಲ. ಬೈಯುವ ಮಾತುಗಳನ್ನು ಯಾವ ವಾರ ಕಲಿಸುತ್ತೀರಿ ಅಂತ ಕೇಳಬೇಕೆಂದಿದ್ದದ್ದನ್ನು ಮುಂದಿನ ವಾರಕ್ಕೆ ಇಟ್ಟುಕೊಂಡೆ.

ಕ್ಲಾಸಿನೊಳಗೆ ಬಾಯಿ ತೆರೆಯುವಂತಿಲ್ಲ. ನನ್ನ ಕಷ್ಟ ನಿಮಗೆ ತಿಳಿಯಲಿಕ್ಕಿಲ್ಲ ಬಿಡ್ರಿ. ಆ ಜನಕ್ಕೆ ನೋಡಿದರೆ ಬೇರೆಯೇ ರೀತಿ ನೀತಿ. ಕರೆಯಬೇಕಾದರೆ ನೆಲವನ್ನು ಕಾಲಿಂದ ತಟ್ಟುತ್ತಾರೆ, ಇಲ್ಲಾ ಲೈಟನ್ನು ಆರಿಸಿ ಹಚ್ಚುತ್ತಾರೆ. ಮಾತಾಡುವವರ ಮುಖ ಬಿಟ್ಟು ಅತ್ತಿತ್ತ ನೋಡಿದರೆ ಅವಮಾನ. ನಮ್ಮಲ್ಲಿ ಹಿರಿಯರ ಮುಖ ನೋಡಿದರೆ ಸೊಕ್ಕು, ಅವರಲ್ಲಿ ನೋಡದಿದ್ದರೆ ಸೊಕ್ಕು. ಮನೆಗೆ ಹೊರಟೆವು ಅಂತ ಎದ್ದವರು ಮೆಟ್ಟಿಲ ಮೇಲೆ ನಿಂತು ಇನ್ನೊಂದು ತಾಸು ಮಾತಾಡುತ್ತಾರೆ. ಅದೊಂದು ಗುಣ ನನಗೆ ಪೂರಾ ಹಿಡಿಸಿತು. ಒಂದು ರವಿವಾರ ಚಹಾದ ಹೊತ್ತಿಗೆ ಅವರೆಲ್ಲ ಸುತ್ತಲೂ ಕೂತು ಏನೋ ಹೇಳಿಕೊಂಡು ಹೊಟ್ಟೆ ಹಿಡಿದು ನಕ್ಕರು. ನನಗೊಂದೂ ಹತ್ತಲಿಲ್ಲ. ಪಕ್ಕದ ಹುಡುಗಿಯ ಕೈ ಮುಟ್ಟಿ ಏನು ಅಂತ ಕೇಳಿದೆ. ಅವಳು ಕಣ್ಣು ಒರೆಸಿಕೊಳ್ಳುತ್ತ, ಆಮೇಲೆ ಹೇಳುತ್ತೇನೆ ಅಂತ ಸನ್ನೆ ಮಾಡಿದಳು. ನಾನು ನಕ್ಕೆ. ಯಾವ ನಗು ನಕ್ಕೆ ಅಂತ ನನಗೇ ಗೊತ್ತಾಯಿತು. ಚಹಾದ ಕಪ್ಪು ಹಿಡಿದುಕೊಂಡು ಕೂತಲ್ಲೇ ಅಳು ಬಂತು. ನಮ್ಮ ಮನೆಯಲ್ಲಿ ಆ ಹುಡುಗಿ ಎಷ್ಟು ಊಟ ಹೀಗೆ ಮಾಡಿರಬೇಕು ಅಂತ ಲೆಕ್ಕ ಹಾಕಿದೆ.

ಅದೇ ದಿನ ಇನ್ನೊಂದು ಆಯಿತು. ನಾನು ಗಾಳಿ ಬರಲಿ ಅಂತ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದೆ. ಒಬ್ಬ ಕಿವುಡ ಹುಡುಗಿ ಬಂದು, ತಮ್ಮವರಿಗೆ ಮಾಡುವ ಹಾಗೇ, ನನ್ನ ಖುರ್ಚಿಯನ್ನು ಗೋಡೆಗೆ ಬೆನ್ನು ಬರುವ ಹಾಗೆ ಹಾಕಿ ಕೂಡಿಸಿದಳು. ಯಾಕೆ ಅಂದರೆ ಮಾಸ್ತರನ ಅಕ್ಕ ಹೇಳಿದಳು: "ಇವ್ರಿಗಿ ಹಿಂದ ಯಾರು ಬಂದ್ರೂ ಕೇಳಂಗಿಲ್ಲ ನೋಡ್ರಿ ಕಾಕಿ. ಬಾಗಲಾ ಕಣ್ಣಿಗಿ ಕಾಣಬೇಕು. ಇಲ್ಲಂದ್ರ ಜೀವ ಕೈಯಾಗ ಹಿಡಕೊಂಡು ಕೂಡಬೇಕಾಗ್ತದ." ನೆಲಕ್ಕೆ ಹೋದ ಹಾಲಿನ ಪಾತ್ರೆ, ತಿರುಗಿ ನಿಂತ ಮೇಜು, ಎರಡೂ ನನಗೆ ಒಮ್ಮೆಲೇ ತಿಳಿದವು. ಜೊತೆಗೆ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ. ಇಷ್ಟು ವಾರ ಮೊಣಕಾಲು ಸವೆಸಿ ಮೆಟ್ಟಿಲು ಹತ್ತಿ ಬೈಯಲು ಕಲಿತದ್ದೇ ಒಲೆಯ ಸಲುವಾಗಿ, ಈಗ ನೋಡಿದರೆ ಒಲೆ ತಿರುಗಿಸಿದ್ದರಲ್ಲಿ ತಪ್ಪೇ ಇಲ್ಲ. ದಾರಿಯುದ್ದಕ್ಕೂ ಆಟೋದಲ್ಲಿ ಬೇರೆ ಕಾರಣ ಹುಡುಕಿದೆ. ಮನೆ ಬರುವಷ್ಟರಲ್ಲಿ ಸಿಕ್ಕಿತು: ತಿರುಗಿಸಿದ್ದು ಸರಿ, ಆದರೆ ನನ್ನನ್ನು ಒಂದು ಮಾತು ಕೇಳಬೇಕಿತ್ತು.

ಸಂಜೆ ರೇಣುಕಾ ಚಹಾ ಸೋಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಅವಳು ನೋಡಿದಳು. ಒಲೆ, ತಿರುಗಿಸಿದ್ದು, ನನ್ನನ್ನು ಯಾಕೆ ಕೇಳಲಿಲ್ಲ ಅಂತ ಕೈಯಿಂದ, ತೊದಲುತ್ತಲೇ, ಹೇಳಿ ಮುಗಿಸಿದೆ. ಅವಳ ಮುಖದ ಮೇಲಿನ ಬೀಗರ ನಗು ಹೋಯಿತು. ಸೋಸುವ ಜಾಳಿಗೆ ಕೆಳಗಿಟ್ಟಳು, ಕೈ ಒರೆಸಿಕೊಂಡಳು, ಶುರು ಮಾಡಿದಳು ನೋಡ್ರಿ. ಅಬ್ಬಬ್ಬಾ, ಕೈ ಅಲ್ಲ ಅವು, ಬೀಸುವ ಗಾಳಿ. ನನಗೆ ಅರ್ಧ ತಿಳಿಯಿತು. ಉಳಿದದ್ದನ್ನು, ಇನ್ನೊಮ್ಮೆ, ಸಾವಕಾಶ ಅಂತ ಕೇಳಿ ಕೇಳಿ ಬೈಸಿಕೊಂಡೆ. ಒಲೆ ತಿರುಗಿಸುವ ಮೊದಲೇ ಶಿವುನನ್ನು ಕೇಳಿದ್ದಳಂತೆ, ಅವ್ವನಿಗೆ ನಾ ಹೇಳ್ತೇನಿ ಅಂತ ಅವನು ಅಂದಿದ್ದನಂತೆ. ಭೂಪ ನನಗೆ ಬಾಯಿ ಬಿಟ್ಟಿರಲಿಲ್ಲ. ನಾನು ಭಾಂಡೆ ಕುಕ್ಕಿದಾಗಲೆಲ್ಲ ಕಬ್ಬಿಣದ ಮೇಜು ನಡುಗುತ್ತಿತ್ತಂತೆ, ನನ್ನ ಮುಖ ನೋಡಿದರೆ ಉಳಿದದ್ದು ತಾನಾಗಿ ತಿಳಿಯುತ್ತಿತ್ತಂತೆ. ಅಂದರೆ ಒಂದು ಬೈಗುಳವೂ ವ್ಯರ್ಥವಾಗಿರಲಿಲ್ಲ! ರವಿವಾರ ನಾನು ಎಲ್ಲಿಗೆ ಹೋಗುತ್ತೇನೆ ಅನ್ನೋದೂ ಮೊದಲ ವಾರವೇ ಗೊತ್ತಂತೆ. ಬೀದರ ಭಾಲ್ಕಿಯ ಕಿವುಡರೆಲ್ಲ ಒಬ್ಬರಿಗೊಬ್ಬರು ವಿಡಿಯೋ ಫೋನು ಹಚ್ಚುವವರು, ನನ್ನ ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಮತ್ತೆ ಯಾಕೆ ಸುಮ್ಮನಿದ್ದೆ ಅಂದೆ. ನೀವು ಕಲಿತು ಬಂದು ಎದುರಿಗೆ ನಿಲ್ಲಲಿ ಅಂತ ಕಾದೆ ಅಂದಳು. ನನಗೆ ತಡೆಯಲಾಗಲಿಲ್ಲ. ಭಾಲ್ಕಿಗೆ ಹೋಗುತ್ತೀಯಾ, ಬೇರೆ ಮನೆ ಮಾಡುತ್ತೀಯಾ ಅಂತ ಕೇಳಿಯೇ ಬಿಟ್ಟೆ. ಅವಳು ನನ್ನ ಮುಖವನ್ನೇ ನೋಡಿ, ಹೋಗೋಳಿದ್ರ ಅಂತ ಕೈ ಎತ್ತಿದಳು. ಅಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲೆ ಅಂದರೆ ಕತ್ತಲೆ. ಬಾಯಿ ಇದ್ದವರಾದರೆ ಕತ್ತಲೆಯಲ್ಲೂ ಜಗಳ ಮುಂದುವರಿಸುತ್ತಿದ್ದೆವು. ಹೊರಗೆ ಪಡಸಾಲೆಯಿಂದ ನಮ್ಮ ಮನೆಯವರು, ಇವತ್ತು ಮನಿ ಎಷ್ಟು ತಣ್ಣಗದ ನೋಡು ಅಂತ ಸಮಾಧಾನದಿಂದ ಅಂದರು. ಅವಳ ಮಾತು ಅರ್ಧಕ್ಕೇ ನಿಂತಿತ್ತು, ನಾನು ಕತ್ತಲೆಯಲ್ಲಿ ಕಡ್ಡಿಪೆಟ್ಟಿಗೆ ತಡಕಾಡಿದೆ. ರೇಣುಕಾ ಮೊಬೈಲಿನ ಟಾರ್ಚು ಹಚ್ಚಿದಳು. ಅದನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟು, ಬೆಳಕು ತನ್ನ ಕೈ ಮೇಲೆ ಬೀಳುವ ಹಾಗೆ ಸರಿಮಾಡಿಕೊಂಡು, ಬಿಟ್ಟ ಮಾತನ್ನು ಮೊದಲಿನಿಂದ ಹೇಳಿದಳು.

"ಹೋಗೋಳಿದ್ರ ಒಲಿ ಯಾಕ ತಿರುಗಸ್ತಿದ್ದೆ, ಅತ್ತಿ?"

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅವಳು ಅದಕ್ಕೆಲ್ಲ ಸಮಯ ಕೊಡಲಿಲ್ಲ, ಟಾರ್ಚನ್ನು ನನ್ನ ಕಡೆ ತಿರುಗಿಸಿದಳು. ಈಗ ನನ್ನ ಪಾಳಿ. ಬಾಯಿ ತುಂಬ ಮಾತಿದ್ದವು, ಕೈಯಲ್ಲಿ ಇರಲಿಲ್ಲ. ನೀನೊಬ್ಬ ಹಟಮಾರಿ ಅಂತ ಹೇಳಬೇಕಿತ್ತು, ಅದನ್ನು ಮಾಸ್ತರ ಕಲಿಸಿರಲಿಲ್ಲ. ಕೈ ಕಟ್ಟಿ, ಗದ್ದ ಎತ್ತಿ, ಬಿಗಿದು ನಿಂತು ತೋರಿಸಿದೆ. ಅವಳು ನೋಡಿ ಕಿಸಕ್ಕನೆ ನಕ್ಕಳು. ಹತ್ತಿರ ಬಂದು ನನ್ನ ಬೆರಳು ಹಿಡಿದು ಮಡಚಿದಳು, ಮಣಿಕಟ್ಟು ತಿರುಗಿಸಿದಳು, ತಪ್ಪಿದಾಗ ತಿದ್ದಿದಳು. ಮಾತು ಕೈಗೆ ಕೂತ ಮೇಲೆ ತನ್ನ ಜಾಗಕ್ಕೆ ಹೋಗಿ ನೆಟ್ಟಗೆ ನಿಂತು, ಈಗ ಬೈರಿ ಅಂದಳು. ಇಷ್ಟು ದಿನ ಕೂಡಿಟ್ಟದ್ದನ್ನೆಲ್ಲ ಹಾಕಿ ನಾನು ಬೈದೆ. ಅವಳು ಪರೀಕ್ಷೆ ನೋಡುವವರ ಹಾಗೆ ನೋಡಿ ತಲೆ ಅಲ್ಲಾಡಿಸಿದಳು.

"ಕೈ ಸರಿ ಅವ ಅತ್ತಿ, ಮಾರಿ ತಪ್ಪದ. ನಗಕೋತ ಬೈದ್ರ ಅದು ಬೈಗುಳ ಆಗಂಗಿಲ್ಲ."

ಅವತ್ತಿನಿಂದ ದಿನಾ ಅಭ್ಯಾಸ ಮಾಡುತ್ತಿದ್ದೇನೆ. ಮುಖ ಇನ್ನೂ ಸರಿಹೋಗಿಲ್ಲ.